ಕರಡಿಗೆ ಪರದೇಶಿ ಪಟ್ಟ

ಹುಟ್ಟಿದ ನೆಲದಲ್ಲಿಯೇ ಪರಕೀಯನೆನಿಸಿಕೊಳ್ಳುವ ದುರದೃಷ್ಟ ಮನುಷ್ಯನಿಗೆ ಮಾತ್ರ ಮೀಸಲಾದುದೆಂದು ತಿಳಿದಿರುವವರು ನಮ್ಮ ಬಯಲುಸೀಮೆಯ ಕರಡಿಯ ಪಾಡನ್ನು ಸ್ವಲ್ಪ ಗಮನಿಸಬೇಕು. ಚಿತ್ರದುರ್ಗದ ಸುತ್ತಿನ ಯಾವುದೋ ಹಳ್ಳಿಯ ಹೊಲದಂಚಿನಲ್ಲಿ ಮುಸ್ಸಂಜೆಯ ಹೊತ್ತು ಕರಡಿಯೊಂದು ಕಾಣಿಸಿಕೊಂಡಿತೆನ್ನಿ. ಬೆಳಗಾಗುವುದರೊಳಗೆ ಮೂರು ಮಾತು ಹುಟ್ಟಿರುತ್ತವೆ. ಎಲ್ಲಿಂದಲೋ ದಾರಿತಪ್ಪಿ ಬಂದದ್ದು ಎಂಬುದು ಮೊದಲನೆಯದು. ಯಾರೋ ರಾತ್ರೋರಾತ್ರಿ ಲಾರಿಯಲ್ಲಿ ತಂದು ಬಿಟ್ಟುಹೋದದ್ದು ಎಂಬುದು ಎರಡನೆಯದು. ಇದು ನಮ್ಮ ಕಡೆಯ ಕರಡಿಯೇ ಅಲ್ಲ, ಬೇರೆ ಜಾತಿಯದು ಎಂಬುದು ಮೂರನೆಯದು, ಮತ್ತು ಎಲ್ಲಕ್ಕಿಂತ ಹೆಚ್ಚು ಜನಪ್ರಿಯವಾದದ್ದು. ಮೂರರ ತಾತ್ಪರ್ಯವೂ ಒಂದೇ: ಈ ಪ್ರಾಣಿಗೆ ಇಲ್ಲಿ ಇರುವ ಹಕ್ಕಿಲ್ಲ.

ಈ ಮಾತುಗಳು ಅಲ್ಲಗಳೆದು ನಕ್ಕುಬಿಡತಕ್ಕ ಹಳ್ಳಿಯ ಹರಟೆಗಳಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಇವನ್ನು ಹುಟ್ಟಿಸಿದವರು ಹಳ್ಳಿಯವರಲ್ಲ. ಓದು ಬರಹ ಬಲ್ಲವರಾದ ನಾವು. ತಪ್ಪು ಹೆಸರು, ತಪ್ಪು ಚಿತ್ರ, ತಪ್ಪು ಭಾಷಾಂತರ ಇವುಗಳಿಂದ ನಮ್ಮ ಕರಡಿಯನ್ನು ನಮಗೇ ಗುರುತು ಸಿಗದಂತೆ ಮಾಡಿದವರು ನಾವು. ಗುರುತು ತಪ್ಪಿದ ಮೇಲೆ ಉಪಾಯವೂ ತಪ್ಪುತ್ತದೆ. ಅದರ ಬೆಲೆಯನ್ನು ತೆರುವವರು ಮಾತ್ರ ಬೇರೆಯವರು: ಒಂದು ಕಡೆ ಕರಡಿ, ಇನ್ನೊಂದು ಕಡೆ ಬೆಳಗಿನ ಜಾವ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತ.

ನಾನು ಪ್ರಾಣಿಶಾಸ್ತ್ರಜ್ಞನಲ್ಲ, ಹಳಗನ್ನಡ, ನಡುಗನ್ನಡಗಳನ್ನು ಪಾಠ ಹೇಳಿಕೊಂಡಿರುವವನು. ಆದರೆ ಹೆಸರಿಡುವುದು, ಹೆಸರು ಕೆಡಿಸುವುದು ಭಾಷೆಯ ವ್ಯವಹಾರ. ಅಷ್ಟರಮಟ್ಟಿಗೆ ಈ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ಕನ್ನಡ ಮೇಷ್ಟರಿಗೂ ಉಂಟು.

ನಮ್ಮ ಕಾಲೇಜಿಗೆ ಹಿರೇಗುಂಟನೂರು ಹೋಬಳಿಯ ಕಡೆಯಿಂದ ಬರುವ ಹುಡುಗರುಂಟು. ಅವರಲ್ಲೊಬ್ಬ ಒಂದು ದಿನ ತನ್ನ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ಬಂಡೆಗಳ ನಡುವೆ ಇಳಿಬಿಸಿಲಿನಲ್ಲಿ ನಿಂತ ಒಂದು ಕರಡಿ. ಮೈ ಕಪ್ಪೆನ್ನುವುದಕ್ಕಿಂತ ಮಣ್ಣುಗೆಂಪಾಗಿ ಕಾಣುತ್ತಿತ್ತು. ಚಿತ್ರದ ಕೆಳಗೆ ಯಾರೋ 'ಹಿಮಾಲಯದ ಕಂದು ಕರಡಿ, ನಮ್ಮ ಜಿಲ್ಲೆಯಲ್ಲಿ ಮೊದಲ ಬಾರಿಗೆ' ಎಂದು ಬರೆದು ಊರೂರಿಗೆ ಕಳುಹಿಸಿದ್ದರು. ನಾನು ಹುಡುಗನಿಗೆ ಹೇಳಿದೆ: ಮೂತಿ ನೋಡು, ಬೂದುಬಿಳಿ ಬಣ್ಣ, ಕೂದಲು ವಿರಳ. ಮೈಕೂದಲು ನೋಡು, ಕಂಬಳಿ ಹರಿದು ಹೊದ್ದಂತೆ ಜೋಲುಬಿದ್ದಿದೆ. ಉಗುರು ನೋಡು, ದಂತದ ಬಣ್ಣದ ಕುಡುಗೋಲಿನ ಹಾಗಿದೆ. ಇದು ನಿಮ್ಮ ಗುಡ್ಡದ್ದೇ ಕರಡಿ. ಕೆಮ್ಮಣ್ಣಿನಲ್ಲಿ ಹೊರಳಿ ಸಂಜೆಬಿಸಿಲಿಗೆ ಬಂದಿದೆ. ಅಪರೂಪಕ್ಕೆ ಕಂದು ಛಾಯೆಯ ಕೂದಲಿನಲ್ಲಿಯೇ ಹುಟ್ಟುವುದೂ ಉಂಟು. ಹುಡುಗ ಒಂದು ಗಳಿಗೆ ಸುಮ್ಮನಿದ್ದು, 'ಆದರೆ ಸಾರ್, ಬುಕ್ಕಿನಲ್ಲಿರೋ ಕರಡಿ ಹೀಗಿರೋದಿಲ್ಲವಲ್ಲ' ಎಂದ.

ಈ ಒಂದು ಮಾತಿನಲ್ಲಿ ರೋಗದ ಮೂಲವೇ ಇದೆ. ಪುಸ್ತಕದ ಕರಡಿ ಯಾವುದು? ಅಂಗಡಿಯಲ್ಲಿ ಸಿಕ್ಕುವ ಮಕ್ಕಳ ಚಿತ್ರಪುಸ್ತಕವೊಂದನ್ನು ತೆರೆದು ನೋಡಿ. ಗುಂಡುಗುಂಡಾದ ಕಂದು ಕರಡಿ, ಇಲ್ಲವೆ ಮಂಜುಗಡ್ಡೆಯ ಮೇಲಿನ ಬಿಳಿಯ ಕರಡಿ. ಭಾರತದಲ್ಲಿ ನಾಲ್ಕು ಜಾತಿಯ ಕರಡಿಗಳಿವೆ. ಕಂದು ಕರಡಿ ಹಿಮಾಲಯದ ಎತ್ತರದ ಪ್ರದೇಶದ್ದು; ಎದೆಯಲ್ಲಿ ಚಂದ್ರರೇಖೆಯಿರುವ ಕಪ್ಪು ಕರಡಿ ಹಿಮಾಲಯದ ಕಾಡುಗಳದ್ದು, ಈಶಾನ್ಯದ್ದು; ಗಿಡ್ಡಕೂದಲಿನ ಪುಟ್ಟ ಸೂರ್ಯ ಕರಡಿ ಈಶಾನ್ಯದ ಮೂಲೆಯದು. ಕರ್ನಾಟಕದ ಕಾಡುಗಳಲ್ಲಿರುವುದು ನಾಲ್ಕನೆಯದೊಂದೇ. ಆ ಒಂದನ್ನು ಬಿಟ್ಟು ಉಳಿದ ಲೋಕದ ಕರಡಿಗಳನ್ನೆಲ್ಲ ನಮ್ಮ ಮಕ್ಕಳು ಬಲ್ಲರು!

ಈ ಅವಾಂತರಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1791ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಎಂಬಾತ ನಮ್ಮ ಕರಡಿಗೆ ಶಾಸ್ತ್ರೀಯ ನಾಮಕರಣ ಮಾಡಿದ. ಉದ್ದನೆಯ ಬಾಗಿದ ಉಗುರುಗಳು, ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲುಗಳಿಲ್ಲ. ಇಷ್ಟನ್ನು ಕಂಡು ಆತ ಇದನ್ನು ಕರಡಿಯೆನ್ನಲಿಲ್ಲ, ಸ್ಲಾತ್ ಎಂದ. ಸ್ಲಾತ್ ಎಂದರೆ ಅಮೆರಿಕ ಖಂಡದ ಬಿಸಿಲುನಾಡಿನ ಕಾಡುಗಳಲ್ಲಿ ಮರದ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು, ಆಮೆಯೂ ನಾಚುವಷ್ಟು ನಿಧಾನವಾಗಿ ಬದುಕುವ ಒಂದು ಪ್ರಾಣಿ. ಅದರ ಕುಲಕ್ಕೆ ಸೇರಿಸಿ, 'ಬ್ರಾಡಿಪಸ್ ಅರ್ಸಿನಸ್', ಅಂದರೆ ಕರಡಿಯಂಥ ಸ್ಲಾತ್, ಎಂದು ಹೆಸರಿಟ್ಟ. ಹೀಗೆ ದಖ್ಖನಿನ ಬಂಡೆಗಳ ನಡುವಿನ ಜೀವಿಯೊಂದು ಕಾಗದದ ಮೇಲೆ ಅಮೆರಿಕದ ಪ್ರಾಣಿಯ ಬಂಧುವಾಯಿತು.

ವಿಜ್ಞಾನದ ಹಿರಿಮೆಯೆಂದರೆ ಅದು ತನ್ನ ತಪ್ಪಿಗೆ ಅಂಟಿಕೊಂಡು ಕೂರುವುದಿಲ್ಲ. 1793ರಲ್ಲಿಯೇ ಮೆಯರ್ ಎಂಬ ಜರ್ಮನ್ ವಿದ್ವಾಂಸ ಇದಕ್ಕೆ 'ಮೆಲರ್ಸಸ್', ಜೇನು ಕರಡಿ, ಎಂಬ ಹೊಸ ಕುಲನಾಮವನ್ನು ಕೊಟ್ಟ. ಮುಂದೆ ಜೀವಂತ ಪ್ರಾಣಿಯೇ ಯುರೋಪಿಗೆ ಹೋದಾಗ ಇದು ಕರಡಿಯೇ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಆದರೆ ಮೊದಲು ಇಟ್ಟ ಗುಣನಾಮವನ್ನು ಬಿಡುವಂತಿಲ್ಲವೆಂಬುದು ಶಾಸ್ತ್ರದ ನಿಯಮ. ಆದಕಾರಣ ಇಂದಿಗೂ ಅದರ ಪೂರ್ಣ ಹೆಸರು 'ಮೆಲರ್ಸಸ್ ಅರ್ಸಿನಸ್': ಕರಡಿಯಂಥ ಜೇನು ಕರಡಿ. ಕರಡಿ ಕರಡಿಯಂತಿದೆಯೆಂದು ಪ್ರಮಾಣಪತ್ರ ಕೊಟ್ಟಂತಾಯಿತು. ಇಂಗ್ಲಿಷಿನಲ್ಲಿ ಮಾತ್ರ ಹಳೆಯ ತಪ್ಪು ಹಾಗೆಯೇ ಉಳಿದು ಅದು 'ಸ್ಲಾತ್ ಬೇರ್' ಆಯಿತು.

ಇಂಗ್ಲಿಷರ ತಪ್ಪು ಇಂಗ್ಲಿಷರಿಗಿರಲಿ. ನಾವು ಮಾಡಿದ್ದೇನು? ಇಂಗ್ಲಿಷ್ ನಿಘಂಟನ್ನು ತೆರೆದೆವು. ಸ್ಲಾತ್ ಎಂಬ ಮಾತಿಗೆ ಪ್ರಾಣಿಯ ಅರ್ಥದ ಜೊತೆಗೆ ಆಲಸ್ಯವೆಂಬ ಅರ್ಥವೂ ಉಂಟು. ಆಲಸ್ಯವನ್ನು ಎತ್ತಿಕೊಂಡು 'ಸೋಮಾರಿ ಕರಡಿ' ಎಂದು ಕನ್ನಡಿಸಿಬಿಟ್ಟೆವು! ಎರಡು ಶತಮಾನದ ಹಿಂದಿನ ಒಂದು ಪ್ರಮಾದದ ಮೇಲೆ ನಮ್ಮದೊಂದು ಪ್ರಮಾದದ ಕಳಶವನ್ನು ಇಟ್ಟೆವು. ಇರುಳೆಲ್ಲ ಗುಡ್ಡದಿಂದ ಗುಡ್ಡಕ್ಕೆ ಅಲೆದು, ಕಲ್ಲಿನಂತೆ ಗಟ್ಟಿಯಾದ ಹುತ್ತಗಳನ್ನು ಅಗೆದು, ತುಟಿಗಳನ್ನು ಕೊಳವೆಯಂತೆ ಮುಂಚಾಚಿ, ಮುಂದಿನ ಹಲ್ಲಿಲ್ಲದ ಸಂದಿನಿಂದ ಗೆದ್ದಲನ್ನು ಸೊರ್ರನೆ ಎಳೆದುಕೊಳ್ಳುವ ಪ್ರಾಣಿ ಇದು. ಆ ಸದ್ದು ಇರುಳಿನಲ್ಲಿ ದೂರದವರೆಗೆ ಕೇಳುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವ ತಾಯಿ ಇದು. ಓಡತೊಡಗಿದರೆ ಮನುಷ್ಯನನ್ನು ಹಿಂದೆ ಹಾಕುತ್ತದೆ. ಇದನ್ನು ಸೋಮಾರಿಯೆಂದು ನಂಬಿ ಹತ್ತಿರ ಹೋದವನ ಗತಿಯೇನು? ಭಾಷಾಂತರದ ದೋಷದಿಂದ ಅಪಹಾಸ್ಯವಾಗುವುದುಂಟು; ಪ್ರಾಣಾಪಾಯವೂ ಆಗಬಹುದೆಂಬುದಕ್ಕೆ ಇದು ದೃಷ್ಟಾಂತ.

ಸಂಸ್ಕೃತದ ಅಮರಕೋಶದಲ್ಲಿ ಋಕ್ಷ, ಅಚ್ಛಭಲ್ಲ, ಭಲ್ಲೂಕ ಎಂದು ಹೆಸರುಗಳಿವೆ. ಕನ್ನಡಕ್ಕೆ 'ಕರಡಿ' ಎಂಬ ತನ್ನದೇ ಮಾತಿದೆ. ನಾಡಿನಲ್ಲಿ ಕರಡಿಗುಡ್ಡ, ಕರಡಿಹಳ್ಳಿ, ಕರಡಿಕಲ್ಲು ಎಂಬ ಊರುಗಳಿಗೆ ಬರವಿಲ್ಲ. ಇಂಥ ಹೆಸರುಗಳನ್ನು ಇಟ್ಟವರು ಯಾವ ಕರಡಿಯನ್ನು ಕಂಡು ಇಟ್ಟರು? ಹಿಮಾಲಯದ್ದನ್ನೇ? ಕಿಷ್ಕಿಂಧೆಯೆಂದು ಪರಂಪರೆ ಗುರುತಿಸುವ ಹಂಪಿಯ ಸೀಮೆಯಲ್ಲಿಯೇ, ದರೋಜಿಯಲ್ಲಿ, 1994ರಲ್ಲಿ ಕರಡಿಗಳಿಗಾಗಿ ಅಭಯಾರಣ್ಯವಾಯಿತು. ಮೊಳಕಾಲ್ಮೂರಿನ ನೆರೆಯ ಗುಡೇಕೋಟೆಯಲ್ಲಿ 2013ರಲ್ಲಿ ಇನ್ನೊಂದಾಯಿತು. ಚಿತ್ರದುರ್ಗದ ಜೋಗಿಮಟ್ಟಿಯೂ ಇಂದು ಅಭಯಾರಣ್ಯವೇ, ಅಲ್ಲಿಯೂ ಕರಡಿಯುಂಟು. ಹಂಪಿಯಿಂದ ತುಮಕೂರಿನವರೆಗೆ, ಅಲ್ಲಿಂದ ರಾಮನಗರದವರೆಗೆ ಹಬ್ಬಿದ ಕಲ್ಲುಬೆಟ್ಟಗಳ ಸಾಲೆಲ್ಲ ಕರಡಿಯ ಪಿತ್ರಾರ್ಜಿತ. ಹಿರೇಗುಂಟನೂರು ಆ ಸಾಲಿನ ಹೊರಗಲ್ಲ, ಒಳಗಿದೆ. ಜಾಂಬವಂತನಿಗೆ ಕೈಮುಗಿಯುವ ನಾವು, ಅವನ ವಂಶಸ್ಥ ಹೊಲದ ಬದುವಿನಲ್ಲಿ ನಿಂತಾಗ 'ನೀನು ಯಾವ ಊರಿನವನಪ್ಪ?' ಎಂದು ಕೇಳುವುದು ಎಂಥ ನ್ಯಾಯ?

ಸಾಹಿತ್ಯದವರಾದ ನಾವೂ ಈ ಅಪರಾಧದಿಂದ ಮುಕ್ತರಲ್ಲ. ಕಿಪ್ಲಿಂಗ್ 1894ರಲ್ಲಿ ಪ್ರಕಟಿಸಿದ 'ಜಂಗಲ್ ಬುಕ್' ನಡೆಯುವುದು ಮಧ್ಯಭಾರತದ ಸಿವನಿಯ ಕಾಡಿನಲ್ಲಿ. ತೋಳಗಳ ಮರಿಗಳಿಗೆ ಕಾಡಿನ ಕಾನೂನನ್ನು ಪಾಠ ಹೇಳುವ ಬಾಲೂ ಎಂಬ ಕರಡಿಯನ್ನು ಆತ ಕಂದು ಕರಡಿಯೆಂದು ಬಣ್ಣಿಸಿದ. ಹೆಸರೇನೋ ಹಿಂದಿಯ 'ಭಾಲೂ' ಎಂಬುದರಿಂದಲೇ ಬಂತು. ಆದರೆ ಸಿವನಿಯಲ್ಲಿ ಕಂದು ಕರಡಿಯಿಲ್ಲ, ಅಲ್ಲಿರುವುದೂ ನಮ್ಮ ಕರಡಿಯೇ. ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯವಿರಲಿ ಎನ್ನೋಣ. ಆದರೆ ಆ ಕಥೆಯಿಂದ ಹುಟ್ಟಿದ ಚಲನಚಿತ್ರಗಳನ್ನು ನೋಡಿ ಬೆಳೆದ ತಲೆಮಾರುಗಳಿಗೆ ಕರಡಿಯೆಂದರೆ ಬಾಲೂ. ಚಿತ್ರದುರ್ಗದ ಹುಡುಗ ತನ್ನ ಗುಡ್ಡದ ಕರಡಿಯನ್ನು ಬಾಲೂವಿನೊಡನೆ ಹೋಲಿಸಿ, ಹೋಲಿಕೆ ಸರಿಹೊಂದದಿದ್ದಾಗ ಗುಡ್ಡದ ಕರಡಿಯೇ ತಪ್ಪೆಂದು ತೀರ್ಮಾನಿಸುತ್ತಾನೆ.

ಇನ್ನು ಕೆನೆತ್ ಆಂಡರ್ಸನ್. ತೇಜಸ್ವಿಯವರ ಭಾವಾನುವಾದದಿಂದ ಕನ್ನಡದ ಮನೆಮಾತಾದ ಬೇಟೆಗಾರ. 1957ರಲ್ಲಿ ಬಂದ ಆತನ ಪುಸ್ತಕವೊಂದರಲ್ಲಿ ಅರಸೀಕೆರೆಯ ಕಡೆಯ ಉಗ್ರ ಕರಡಿಯೊಂದರ ವೃತ್ತಾಂತವಿದೆ. ಅದಕ್ಕೆ ಕೊಟ್ಟ ತಲೆಬರಹ 'ಮೈಸೂರಿನ ಕಪ್ಪು ಕರಡಿ' ಎಂಬರ್ಥದ್ದು. ಬಣ್ಣದಿಂದ ನೋಡಿದರೆ ಸರಿಯೇ. ಆದರೆ 'ಕಪ್ಪು ಕರಡಿ' ಎಂಬುದು ಹಿಮಾಲಯದ ಬೇರೊಂದು ಜಾತಿಗೆ ಸಲ್ಲುವ ಹೆಸರು. ಒಳಗಿನ ವಿವರಗಳಿಂದ ಅದು ನಮ್ಮ ಕರಡಿಯೇ ಎಂದು ತಿಳಿದವನಿಗೆ ತಿಳಿಯುತ್ತದೆ. ತಲೆಬರಹವನ್ನಷ್ಟೇ ಓದಿ ಮುಂದೆ ಹೋಗುವ ಕಾಲ ಇದು. ಅಂಥವನಿಗೆ ಹಿಮಾಲಯದ ಕರಡಿ ಅರಸೀಕೆರೆಗೆ ಬಂದಂತಾಗುತ್ತದೆ.

ಈ ಬಗೆಯ ಭ್ರಮೆ ಪಾಮರರಿಗೆ ಮಾತ್ರವೆಂದು ಯಾರೂ ಬೀಗುವಂತಿಲ್ಲ. 2014ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿ ಬ್ರಯನ್ ಸೈಕ್ಸ್, ಯೇತಿಯದೆಂದು ಹೇಳಲಾದ ಕೂದಲುಗಳನ್ನು ತರಿಸಿ ವಂಶವಾಹಿ ಪರೀಕ್ಷೆ ಮಾಡಿದರು. ಲಡಾಖಿನ ಒಂದು ಕೂದಲು, ಭೂತಾನಿನ ಒಂದು ಕೂದಲು ನಲವತ್ತು ಸಾವಿರ ವರ್ಷಗಳ ಹಿಂದಿನ ಹಿಮಕರಡಿಯದಕ್ಕೆ ಹೊಂದುತ್ತವೆಂದು ಸಾರಿದರು. ಉತ್ತರಧ್ರುವದ ಕರಡಿ ಹಿಮಾಲಯದಲ್ಲಿ! ಜಗತ್ತಿನ ಪತ್ರಿಕೆಗಳೆಲ್ಲ ಕುಣಿದಾಡಿದವು. ಬೇರೆ ವಿಜ್ಞಾನಿಗಳು ಅದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಿದಾಗ ಹಿಮಕರಡಿ ಕರಗಿಹೋಯಿತು. ಹಿಮಾಲಯದ ಕಂದು ಕರಡಿಯಲ್ಲವೆನ್ನಲು ಕಾರಣವಿಲ್ಲವೆಂದು ತಿಳಿಯಿತು. 2017ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಯೇತಿಯದೆನ್ನಲಾದ 9 ಮಾದರಿಗಳನ್ನು ಪರೀಕ್ಷಿಸಿದರು. ಎಂಟು ಹಿಮಾಲಯ ಮತ್ತು ಟಿಬೆಟ್ಟಿನ ಸ್ಥಳೀಯ ಕರಡಿಗಳವು, ಒಂದು ನಾಯಿಯದು. ಅಷ್ಟಾದ ಮೇಲೂ 2019ರಲ್ಲಿ ನಮ್ಮ ಸೈನ್ಯದ ಪ್ರಕಟಣೆಯೊಂದು ಮಕಾಲು ಶಿಖರದ ಬಳಿಯ ಹಿಮದಲ್ಲಿ ಯೇತಿಯ ಹೆಜ್ಜೆ ಕಂಡಿತೆಂದು ಚಿತ್ರಸಹಿತ ಹೇಳಿತು. ಕರಡಿ ಮನುಷ್ಯನಂತೆ ಅಂಗಾಲನ್ನು ಪೂರ್ತಿ ಊರಿ ನಡೆಯುತ್ತದೆ. ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿದ್ದರೆ ಒಂದೇ ದೊಡ್ಡ ಹೆಜ್ಜೆಯಂತೆ ಕಾಣುತ್ತದೆ. ಹಿಮ ಕರಗಿದರೆ ಇನ್ನೂ ಹಿಗ್ಗುತ್ತದೆ. ಇಷ್ಟು ತಿಳಿದವನಿಗೆ ಯೇತಿಯ ಅಗತ್ಯವಿಲ್ಲ. ಈ ಕಥೆಗಳಿಂದ ಕಲಿಯಬೇಕಾದ ಪಾಠ ಒಂದೇ: ಅಪರೂಪದ್ದನ್ನು ಕಂಡೆನೆನ್ನುವ ಮೊದಲು ಸಾಮಾನ್ಯವಾದದ್ದನ್ನು ಚೆನ್ನಾಗಿ ಕಂಡಿರಬೇಕು.

ಇಲ್ಲಿ ಯಾರಾದರೂ ಎದ್ದುನಿಂತು ಕೇಳಬಹುದು: ಹಾಗಾದರೆ ಯಾವ ಪ್ರಾಣಿಯೂ ತನ್ನ ಸೀಮೆ ದಾಟಿ ಬರುವುದೇ ಇಲ್ಲವೇ? ಸೀಮೆಯ ನಕ್ಷೆಗಳನ್ನು ಬರೆದವರು ಮನುಷ್ಯರಲ್ಲವೇ, ಅವರಿಗೆ ಎಲ್ಲವೂ ತಿಳಿದಿತ್ತೇ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಕರ್ನಾಟಕದ್ದೆಂದು ಎಣಿಸಿದ್ದ ಚಿಂಕಾರ ಹಿರಿಯೂರಿಗೆ ದೂರವಲ್ಲದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿ ಇದೆಯೆಂಬುದು ಬೆಳಕಿಗೆ ಬಂತು. 2019ರಲ್ಲಿ ಆ ಕಾಡು ಚಿಂಕಾರ ಅಭಯಾರಣ್ಯವೇ ಆಯಿತು. 2006ರಲ್ಲಿ ಕೆನಡಾದ ಉತ್ತರದ ಬ್ಯಾಂಕ್ಸ್ ದ್ವೀಪದಲ್ಲಿ ಬೇಟೆಗಾರನೊಬ್ಬ ಹೊಡೆದ ವಿಚಿತ್ರ ಕರಡಿ ಗ್ರಿಜ್ಲಿ ಮತ್ತು ಹಿಮಕರಡಿಗಳ ಮಿಶ್ರಸಂತಾನವೆಂದು ಪರೀಕ್ಷೆಯಿಂದ ಸಿದ್ಧವಾಯಿತು. ಸರ್ಕಸ್ಸುಗಳಲ್ಲಿ ಕರಡಿಗಳ ಪ್ರದರ್ಶನವನ್ನು ಸರ್ಕಾರ 1998ರಲ್ಲಿ ನಿಷೇಧಿಸುವ ಮುಂಚೆ, ಊರೂರು ತಿರುಗುತ್ತಿದ್ದ ಪಂಜರಗಳಿಂದ ಯಾವುದಾದರೂ ಪರಸ್ಥಳದ ಕರಡಿ ತಪ್ಪಿಸಿಕೊಂಡಿರುವುದು ಅಸಾಧ್ಯವೇನಾಗಿರಲಿಲ್ಲ. ಸೀಮೆ ದಾಟುವುದು ಸಾಧ್ಯ; ಸೀಮೆಯ ನಕ್ಷೆ ತಪ್ಪಾಗಿರುವುದೂ ಸಾಧ್ಯ.

ಆದರೆ ವ್ಯತ್ಯಾಸವನ್ನು ನೋಡಿ. ಬುಕ್ಕಾಪಟ್ಟಣದ ಚಿಂಕಾರ ಕೇವಲ ಮಾತಿನಿಂದ ಸಿದ್ಧವಾದದ್ದಲ್ಲ. ಕಾಡಿನಲ್ಲಿಟ್ಟ ಕ್ಯಾಮೆರಾಗಳಲ್ಲಿ ಸ್ಪಷ್ಟವಾಗಿ ಮೂಡಿದ ಚಿತ್ರದಿಂದ. ಕೆನಡಾದ ಕರಡಿ ಸಿದ್ಧವಾದದ್ದು ವಂಶವಾಹಿಯಿಂದ. ಹೊಸ ಮಾತನ್ನು ಹೇಳುವವನ ಮೇಲೆ ಪ್ರಮಾಣದ ಹೊರೆ ಇರುತ್ತದೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಹಿರೇಗುಂಟನೂರಿನ ಗುಡ್ಡದಲ್ಲಿ ಹಿಮಾಲಯದ ಕರಡಿ ಇದೆಯೆನ್ನುವವರು ಚಿತ್ರ ತರಲಿ, ಉದುರಿದ ಕೂದಲು ತರಲಿ, ಹೆಜ್ಜೆಯ ಅಚ್ಚು ತೆಗೆದು ಅರಣ್ಯ ಇಲಾಖೆಗೆ ಕೊಡಲಿ. ನಮ್ಮ ಕರಡಿಯ ಮುಂಗಾಲಿನ ಬೆರಳುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಮೂಡುತ್ತವೆ, ಅವುಗಳ ಮುಂದೆ ದೂರದಲ್ಲಿ ಉಗುರಿನ ಗುರುತು ಬೀಳುತ್ತದೆ. ಇದನ್ನು ಗುರುತಿಸಲು ಆಕ್ಸ್‌ಫರ್ಡಿಗೆ ಹೋಗಬೇಕಾಗಿಲ್ಲ. ಮಳೆ ಬಿದ್ದ ಮರುದಿನ ಕೆರೆಯಂಗಳಕ್ಕೆ ಹೋದರೆ ಸಾಕು.

'ಯಾವ ಜಾತಿಯದಾದರೇನು? ಕರಡಿ ಕರಡಿಯೇ, ಮೈಮೇಲೆ ಬಿದ್ದಾಗ ಲ್ಯಾಟಿನ್ ಹೆಸರು ಕೇಳುವವರಾರು?' ಎಂದು ವಾದಿಸುವ ವ್ಯವಹಾರಜ್ಞರೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟು. ಕರಡಿ ಹೊರಗಿನದೆಂದು ನಂಬಿದ ಊರು ಅದನ್ನು ಹೊರಗೆ ಕಳುಹಿಸಲು ಹಟಹಿಡಿಯುತ್ತದೆ. ಬೋನು ತನ್ನಿ, ಹಿಡಿಯಿರಿ, ಒಯ್ಯಿರಿ. ಒಯ್ದರೆ ಆಯಿತೇ? ಗುಡ್ಡ ಅಲ್ಲಿಯೇ ಇದೆ, ಗವಿ ಅಲ್ಲಿಯೇ ಇದೆ, ಹುತ್ತ ಅಲ್ಲಿಯೇ ಇದೆ. ಖಾಲಿಯಾದ ಜಾಗಕ್ಕೆ ನೆರೆಗುಡ್ಡದ ಇನ್ನೊಂದು ಬರಬಹುದು. ಒಯ್ದು ಬಿಟ್ಟ ಕರಡಿ ಕಾಣದ ಊರಿನಲ್ಲಿ ದಿಕ್ಕೆಟ್ಟು, ಅಲ್ಲಿಯ ಜನಕ್ಕೆ ನಿಜವಾಗಿಯೂ ಪರದೇಶಿಯಾಗುತ್ತದೆ. ಸುಳ್ಳಾಗಿದ್ದ ಮಾತನ್ನು ನಾವೇ ನಿಜ ಮಾಡಿದಂತಾಯಿತು.

ಕರಡಿ ಇಲ್ಲಿಯದೇ ಎಂದು ಒಪ್ಪಿದ ಊರು ಬೇರೆ ಪ್ರಶ್ನೆಗಳನ್ನು ಕೇಳುತ್ತದೆ. ಇಷ್ಟು ದಿನ ಗುಡ್ಡದಲ್ಲಿದ್ದದ್ದು ಈಗೇಕೆ ಹೊಲಕ್ಕೆ ಇಳಿಯುತ್ತಿದೆ? ಕವಳೆ, ಕಾರೆ, ಎಲಚಿ, ಕಕ್ಕೆ, ಈಚಲುಗಳ ಪೊದೆಗಳನ್ನು ಕಡಿದವರಾರು? ಬಂಡೆಯನ್ನು ಸಿಡಿಸಿ ಜಲ್ಲಿ ಮಾಡಿದವರಾರು? ಕಬ್ಬಿಣದ ಅದಿರಿಗಾಗಿ ಬೆಟ್ಟದ ಹೊಟ್ಟೆ ಬಗೆದದ್ದು, ಗಾಳಿಯಂತ್ರಗಳಿಗಾಗಿ ಬೆಟ್ಟದ ನೆತ್ತಿಗೆ ರಸ್ತೆ ಕೊರೆದದ್ದು ನಮ್ಮ ಜಿಲ್ಲೆಯಲ್ಲಿ ಗುಟ್ಟಿನ ವಿಷಯವಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಬೆನ್ನಿಗೆ ಚಿತ್ರದುರ್ಗ, ತುಮಕೂರುಗಳ ಗಣಿಗಾರಿಕೆಯನ್ನೂ ನಿಲ್ಲಿಸಬೇಕಾಗಿ ಬಂತೆಂಬುದನ್ನು ಪತ್ರಿಕೆ ಓದುವವರು ಮರೆತಿರಲಾರರು. ಗಣಿಗಾರಿಕೆ ಆಮೇಲೆ ಮಿತಿಗೊಳಪಟ್ಟು ಮತ್ತೆ ಆರಂಭವಾದದ್ದೂ ತಿಳಿದಿದೆ. ವಿದ್ಯುತ್ತು ಬೇಡ, ಕಬ್ಬಿಣ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯನ್ನು ಕೆಡವಿದವರು, ಮನೆಯಿಂದ ಹೊರಬಿದ್ದವನನ್ನೇ ಅತಿಕ್ರಮಣಕಾರನೆಂದು ಕರೆಯಬಾರದೆಂದಷ್ಟೇ ಹೇಳುತ್ತಿದ್ದೇನೆ. 'ನಾಡಿಗೆ ನುಗ್ಗಿದ ಕರಡಿ' ಎಂಬ ತಲೆಬರಹವನ್ನು ಕೊಡುವ ಉಪಸಂಪಾದಕರು ಒಮ್ಮೆ ಯೋಚಿಸಲಿ: ನುಗ್ಗಿದವರು ಯಾರು?

ರೈತನ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ನಮ್ಮ ಕರಡಿ ಸಾಧುವೇನಲ್ಲ. ಅದರ ಹೊಡೆತಕ್ಕೆ ಕಣ್ಣು, ಮೂಗು, ದವಡೆ ಕಳೆದುಕೊಂಡವರುಂಟು, ಸತ್ತವರೂ ಉಂಟು. ಪೇಟೆಯ ಮನೆಯಲ್ಲಿ ಕುಳಿತು ಪ್ರಾಣಿದಯೆಯ ಉಪದೇಶ ಮಾಡುವುದು ಸುಲಭ. ಆದರೆ ರೈತನ ಹಿತಕ್ಕಾಗಿಯೇ ಗುರುತು ಸರಿಯಾಗಿರಬೇಕು. ಈ ಪ್ರಾಣಿ ಗೆದ್ದಲನ್ನು ಹೀರುವುದರಲ್ಲಿ ಮೈಮರೆತಿರುತ್ತದೆ. ಹತ್ತಿರ ಬಂದವನನ್ನು ಕೊನೆಯ ಗಳಿಗೆಯಲ್ಲಿ ಕಂಡು ಬೆಚ್ಚಿ ಮೇಲೆ ಬೀಳುತ್ತದೆ. ಮರಿಯಿರುವ ತಾಯಿಯಾದರೆ ಹೇಳುವುದೇ ಬೇಡ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬಂಟಿಯಾಗಿ ಸದ್ದಿಲ್ಲದೆ ಹೋಗಬಾರದು. ಮಾತಾಡಿಕೊಂಡು, ದೀಪ ಹಿಡಿದು ಹೋಗಬೇಕು. ಕಂಡರೆ ಸುತ್ತುಗಟ್ಟಿ ಕೂಗಾಡದೆ ಅದಕ್ಕೆ ಹೋಗಲು ದಾರಿ ಬಿಡಬೇಕು. ಇದು ಸೋಮಾರಿಯೆಂದೋ ಎಲ್ಲಿಯದೋ ವಿಚಿತ್ರ ಮೃಗವೆಂದೋ ತಿಳಿದು ಚಿತ್ರ ತೆಗೆಯಲು ಓಡಿಬರುವ ಗುಂಪಿಗೆ ಈ ವಿವೇಕ ಎಲ್ಲಿಂದ ಬರಬೇಕು? 'ಹಿಮಾಲಯದ ಕರಡಿ' ಎಂಬ ಒಂದು ಸುಳ್ಳು ಸುದ್ದಿ ಸಾವಿರ ಜನರನ್ನು ಗುಡ್ಡದ ಬುಡಕ್ಕೆ ತಂದು ನಿಲ್ಲಿಸಬಲ್ಲುದು. ಆ ಗದ್ದಲದಲ್ಲಿ ಕಂಗೆಟ್ಟ ಕರಡಿ ಯಾರ ಮೇಲಾದರೂ ಎರಗಿದರೆ ಸುದ್ದಿ ಹರಡಿದವನು ಆಸ್ಪತ್ರೆಯ ಖರ್ಚು ಕೊಡುವನೇ?

ನಾನು ಕೇಳುವುದು ದೊಡ್ಡ ಸಂಗತಿಗಳನ್ನೇನಲ್ಲ. 'ಸೋಮಾರಿ ಕರಡಿ' ಎಂಬ ಮಾತನ್ನು ನಮ್ಮ ಪತ್ರಿಕೆಗಳು ಇಂದಿನಿಂದಲೇ ಕೈಬಿಡಲಿ. ಕರಡಿ ಎಂದರೆ ಸಾಕು. ನಮ್ಮ ಮಣ್ಣಿನಲ್ಲಿ ಬೇರೆ ಕರಡಿಯಿಲ್ಲದಿರುವಾಗ ವಿಶೇಷಣದ ಅಗತ್ಯವಿಲ್ಲ. ಬೇಕೇಬೇಕೆಂದರೆ 'ಜೇನು ಕರಡಿ' ಎನ್ನಲಿ. ಮಕ್ಕಳ ಪುಸ್ತಕದ ಚಿತ್ರಕಾರರು ಒಮ್ಮೆ ದರೋಜಿಗೆ ಹೋಗಿ ಸಂಜೆಯ ಹೊತ್ತು ಬಂಡೆಯ ಮೇಲೆ ಬಂದು ನಿಲ್ಲುವ ಕರಡಿಯನ್ನು ಕಣ್ಣಾರೆ ಕಂಡು ಬರೆಯಲಿ: ಜೋಲುಕೂದಲು, ಬೂದುಮೂತಿ, ಎದೆಯ ಮೇಲೆ ಬಿಳಿಯ ಗುರುತು, ಬೆನ್ನ ಮೇಲೆ ಮರಿ. ಬಯಲುಸೀಮೆಯ ಪ್ರತಿಯೊಂದು ಶಾಲೆಯ ಗೋಡೆಯ ಮೇಲೂ ಆ ಚಿತ್ರವಿರಲಿ, ಅದರ ಹೆಜ್ಜೆಯ ಗುರುತಿನ ಸಮೇತ. ವರದಿಗಾರರು ಜಾತಿ ನಿರ್ಣಯ ಮಾಡುವ ಮೊದಲು ಅರಣ್ಯ ಇಲಾಖೆಯ ಒಬ್ಬ ಕಾವಲುಗಾರನನ್ನಾದರೂ ಕೇಳಲಿ. ಅವನಿಗೆ ಲ್ಯಾಟಿನ್ ಬಾರದಿರಬಹುದು, ಕರಡಿಯನ್ನು ಬಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಪ್ರಾಣಿಯನ್ನು ತನ್ನ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿ, ಇರಿಸಿದೆ. ಮೂಗುದಾರ ಹಾಕಿ ಬೀದಿಯಲ್ಲಿ ಕುಣಿಸುತ್ತಿದ್ದ ಕಾಲವೂ 2009ರ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಆ ಕರಡಿಗಳಿಗೆ ಬನ್ನೇರುಘಟ್ಟದಂಥ ಕಡೆ ಆಶ್ರಯ ದೊರೆಯಿತು. ಕಾನೂನು ಅದಕ್ಕೆ ಪ್ರಾಣಭಿಕ್ಷೆಯನ್ನು ಕೊಟ್ಟಿದೆ. ಅದರ ಊರನ್ನು ಅದಕ್ಕೆ ಮರಳಿ ಕೊಡಬೇಕಾದವರು ನಾವು. ಅದಕ್ಕೆ ಸರ್ಕಾರದ ಆಜ್ಞೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಕಂಡಾಗ, ಸರಿಯಾದ ಹೆಸರಿನಿಂದ ಕರೆದರೆ ಅರ್ಧ ಕೆಲಸ ಆದಂತೆಯೇ.